ಅಪ್‌ಡೇಟ್: ಹರಾಜು ಕೂಗುವವರ ತರಬೇತಿ ಶಾಲೆ ಮುಗಿಸಿದ ನಂತರ

ಅಮೆರಿಕದಲ್ಲಿ ಹರಾಜು ಕೂಗುವವರ ತರಬೇತಿ ಶಾಲೆಗೆ ಸೇರುವುದು ಸಾರ್ಥಕವೇ, ಕನ್ನಡದ ಉಚ್ಚಾರಣೆ ಇರುವವರಿಗೆ ಅಲ್ಲಿನ ವೇಗದ ಕೂಗು ಒಲಿದೀತೇ ಎಂದು ಹಿಂದೆ ಕೇಳಿದ್ದೆ. ತರಬೇತಿ ಮುಗಿದಿದೆ, ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಉಚ್ಚಾರಣೆ ತೊಡಕಾಗಲಿಲ್ಲ. ನಾಲಿಗೆ ತೊಡರುವ ವಾಕ್ಯಗಳನ್ನೂ, ಎರಡೂವರೆ, ಐದು, ಹತ್ತರ ಅಂತರದಲ್ಲಿ ಏರಿ ಇಳಿಯುವ ಸಂಖ್ಯೆಗಳನ್ನೂ ಬಾಲ್ಯದ ಮಗ್ಗಿಯಂತೆ ದಿನವೂ ಒಪ್ಪಿಸುತ್ತಿದ್ದೆವು. ಕೂಗಿನಲ್ಲಿ ನಿಜವಾಗಿ ಇರುವುದು ಎರಡೇ ಸಂಖ್ಯೆ, ಈಗಾಗಲೇ ಬಂದಿರುವ ಬೆಲೆ ಮತ್ತು ಮುಂದೆ ಕೇಳುತ್ತಿರುವ ಬೆಲೆ. ನಡುವಿನ ಪದಗಳು ಲಯಕ್ಕಾಗಿ ಮಾತ್ರ ಇರುವುದರಿಂದ, ವೇಗಕ್ಕಿಂತ ಸ್ಪಷ್ಟತೆಯೇ ಮುಖ್ಯವೆಂದು ಶಿಕ್ಷಕರು ಪಟ್ಟು ಹಿಡಿಯುತ್ತಿದ್ದರು.

ನನಗೆ ಹೆಚ್ಚು ಹಿಡಿಸಿದ್ದು ಕಾನೂನಿನ ಪಾಠ. ಅಲ್ಲಿನ ಏಕರೂಪ ವಾಣಿಜ್ಯ ಸಂಹಿತೆಯ 2-328ನೇ ಸೆಕ್ಷನ್ ಪ್ರಕಾರ ಸುತ್ತಿಗೆ ಬಿದ್ದಾಗಲೇ ಮಾರಾಟ ಪೂರ್ಣವಾಗುತ್ತದೆ, ಅಲ್ಲಿಯವರೆಗೆ ಸವಾಲು ಕೂಗಿದವರು ಅದನ್ನು ಹಿಂಪಡೆಯಬಹುದು; ನಮ್ಮ 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್‌ನಲ್ಲೂ ಇದೇ ತತ್ತ್ವವಿದೆ. ಮೊದಲೇ ತಿಳಿಸದೆ ಮಾರುವವನೇ ತನ್ನ ಸರಕಿಗೆ ಗುಟ್ಟಾಗಿ ಬೆಲೆ ಏರಿಸುವುದನ್ನು ಎರಡೂ ಒಪ್ಪುವುದಿಲ್ಲ. ಕೊಳ್ಳುವವರ ನಂಬಿಕೆ ಉಳಿಯುವುದು ಇದರಿಂದಲೇ ಎಂಬುದು ನನ್ನ ದೃಢ ಅಭಿಪ್ರಾಯ.

ಸೇರಬಯಸುವವರು ಶುಲ್ಕ ಕಟ್ಟುವ ಮೊದಲು ತಾವಿರುವ ರಾಜ್ಯದ ಪರವಾನಗಿ ನಿಯಮವನ್ನು ನೋಡಿಕೊಳ್ಳಬೇಕು, ಏಕೆಂದರೆ ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿದೆ. ನಾನು ಸದ್ಯ ಕೃಷಿ ಯಂತ್ರಗಳ ಹರಾಜಿನಲ್ಲಿ, ಜನರ ನಡುವೆ ನಿಂತು ಸವಾಲುಗಳನ್ನು ಗುರುತಿಸುವ ಸಹಾಯಕನಾಗಿದ್ದೇನೆ.