ಅಸಾದ್ ಹೋದ ಮೇಲೆ ಸಿರಿಯಾದ ನಿರ್ಬಂಧ ತೆಗೆದದ್ದು ಸರಿಯಾ?

ಉಪ್ಪಳದವ:
ನಮ್ಮಣ್ಣ ಶಾರ್ಜಾದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯ ಲೆಕ್ಕ ಬರೆಯುತ್ತಾನೆ. ಪಕ್ಕದ ಮೇಜಿನವರು ಸಿರಿಯಾದ ಹೋಮ್ಸ್ ಊರಿನವರು. ಅಣ್ಣ ಹಾಕಿದ ಹಣ ಬೇಗನೆ ಅಮ್ಮನ ಖಾತೆಗೆ ಬರುತ್ತದೆ. ಹೋಮ್ಸ್‌ನವರು ಮಾತ್ರ, ನಿರ್ಬಂಧದಿಂದಾಗಿ ಬ್ಯಾಂಕಿನಲ್ಲಿ ಹಾಕಲಾಗದೆ, ತಾಯಿಯ ಸಕ್ಕರೆ ಕಾಯಿಲೆಯ ಮದ್ದಿನ ಹಣವನ್ನು ಊರಿಗೆ ಹೋಗುವವರ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದರು. ಸಿರಿಯಾ ಆಳುತ್ತಿದ್ದ ಅಸಾದ್ ಓಡಿಹೋದದ್ದು 2024ರ ಡಿಸೆಂಬರ್ 8ಕ್ಕೆ. ನಿರ್ಬಂಧ ತೆಗೆಯುತ್ತೇವೆ ಎಂದು ಅಮೆರಿಕ ಹೇಳಿದ್ದು 2025ರ ಮೇಯಲ್ಲಿ. ನಡುವೆ ಮಾರ್ಚ್‌ನಲ್ಲಿ ಅಸಾದ್ ಸೇರಿದ ಅಲವಿ ಪಂಗಡದ ಜನರ ಕೊಲೆಗಳೂ ಆದವು. ಹೊಸದಾಗಿ ಆಡಳಿತಕ್ಕೆ ಬಂದವರ ನಡತೆ ನೋಡಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕಿತ್ತಾ?

ಮಂಜೇಶ್ವರದ ಓದುಗ:
ಖಂಡಿತ. ಈಗಿನ ಅಧ್ಯಕ್ಷ ಅಲ್ ಶರಾ ಹಿಂದೆ ಅಲ್ ಖೈದಾದಲ್ಲಿದ್ದವರು. ಸುಳಿವು ಕೊಟ್ಟವರಿಗೆ 1 ಕೋಟಿ ಡಾಲರ್‌ವರೆಗೆ ಎಂದು ಅಮೆರಿಕವೇ ಬಹುಮಾನ ಇಟ್ಟಿತ್ತು. ಕೈಯಲ್ಲಿದ್ದ ಹಗ್ಗ ಬಿಟ್ಟರೆ ನಾಳೆ ಕೇಳುವವರು ಯಾರು?

ಬದಿಯಡ್ಕದ ಟೀಚರ್:
ತಮ್ಮಾ, ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿಸಿದವಳು. 1990ರಲ್ಲಿ ಕುವೈತ್ ಬಿಟ್ಟು ಬರಿಗೈಲಿ ಬಂದವರ ಮಕ್ಕಳು ನನ್ನ ಕ್ಲಾಸಿನಲ್ಲಿದ್ದರು. ಆಗಿನಿಂದ ಆ ಕಡೆಯ ಸುದ್ದಿ ಬಿಡದೆ ಓದುತ್ತೇನೆ.

ಇರಾಕ್ ನೆನಪಿದೆಯಲ್ವಾ? ಸದ್ದಾಂ ಬಿದ್ದ ಮೇಲೆ 2003ರ ಮೇಯಲ್ಲಿ, ಅಲ್ಲಿನ ಆಡಳಿತಕ್ಕೆ ಅಮೆರಿಕ ನೇಮಿಸಿದ್ದ ಬ್ರೆಮರ್ ಎರಡು ಆದೇಶ ಹೊರಡಿಸಿದರು. ಮೊದಲನೆಯದರಲ್ಲಿ ಸದ್ದಾಂನ ಬಾಥ್ ಪಕ್ಷದ ಮೇಲಿನ ಹಂತದವರ ಸರ್ಕಾರಿ ಕೆಲಸ ಹೋಯ್ತು. ಕೆಲಸ ಉಳಿಸಿಕೊಳ್ಳಲು ಪಕ್ಷ ಸೇರಿದ್ದ ಎಷ್ಟೋ ಮೇಷ್ಟ್ರುಗಳೂ ಅದರಲ್ಲಿದ್ದರು. ಪಾಠ ಮಾಡುವವರೇ ಮನೆಗೆ ಹೋದರೆ ಶಾಲೆ ನಡೆಯುವುದು ಹೇಗೆ? ಎರಡನೆಯದರಲ್ಲಿ ಇಡೀ ಸೈನ್ಯವನ್ನೇ ವಿಸರ್ಜಿಸಿದರು. ಬಂದೂಕು ಹಿಡಿಯಲು ಗೊತ್ತಿದ್ದ ಲಕ್ಷಾಂತರ ಗಂಡಸರು ಸಂಬಳವಿಲ್ಲದೆ ಬೀದಿಗೆ ಬಿದ್ದರು. ಮುಂದಿನ ರಕ್ತಪಾತಕ್ಕೆ ಅದು ದೊಡ್ಡ ಕಾರಣ.

ಸಿರಿಯಾದಲ್ಲಿ ಬ್ಯಾಂಕು, ಕರೆಂಟು, ಸಂಬಳ ನಿಂತರೆ ಅಲ್ಲೂ ಅದೇ ಆಗುತ್ತದೆ. ಅದಕ್ಕೇ ಬೇಗ ತೆಗೆಯಬೇಕಿತ್ತು ಅನ್ನುತ್ತೇನೆ. ಮಂಜೇಶ್ವರದವರ ಭಯ ಸುಮ್ನೆ ಅಲ್ಲ. ಆದರೆ ಐರೋಪ್ಯ ಒಕ್ಕೂಟ 2025ರ ಮೇಯಲ್ಲಿ ಏನು ಮಾಡಿತು ನೋಡಿ. ದೇಶದ ಮೇಲಿನ ಆರ್ಥಿಕ ನಿರ್ಬಂಧ ತೆಗೆಯಿತು, ಅಸಾದ್ ಬಳಗದ ಮೇಲಿನದನ್ನು ಉಳಿಸಿತು, ಮಾರ್ಚ್ ಕೊಲೆಗಳಿಗೆ ಕಾರಣರಾದವರೆಂದು ಕೆಲವರನ್ನು ಹೊಸದಾಗಿ ಪಟ್ಟಿಗೆ ಸೇರಿಸಿತು. ಕೊಂದವನನ್ನು ಹಿಡಿಯಬೇಕು, ಹೋಮ್ಸ್‌ನ ಆ ತಾಯಿಯನ್ನಲ್ಲ.

ನಮ್ಮ ದೇಶ ಡಮಾಸ್ಕಸ್‌ನ ರಾಯಭಾರ ಕಚೇರಿ ಮುಚ್ಚದೆ ಇದ್ದದ್ದು ನನಗೆ ತುಂಬ ಸಮಾಧಾನ. ಈಗ ಅಲ್ಲಿನ ಮಕ್ಕಳಿಗೆ ಇಲ್ಲಿ ಕಾಲೇಜು ಸೀಟು ಜಾಸ್ತಿ ಕೊಡಲಿ.

ಉಪ್ಪಳದವ:
ಟೀಚರೇ, ಬಹಳ ಉಪಕಾರ. 2025ರ ಡಿಸೆಂಬರ್‌ನಲ್ಲಿ ಅಮೆರಿಕ ಸಿರಿಯಾದ ಮೇಲಿನ ತನ್ನ ಕಠಿಣ ನಿರ್ಬಂಧಗಳ ಸೀಸರ್ ಕಾಯ್ದೆಯನ್ನೂ ರದ್ದು ಮಾಡಿದೆ. ಆದರೂ ಬ್ಯಾಂಕಿನವರು ಸಿರಿಯಾ ಹೆಸರು ಕೇಳಿದರೆ ಹಿಂಜರಿಯುತ್ತಾರಂತೆ. ಶಾರ್ಜಾ, ದುಬೈಯಲ್ಲಿ ಯಾರಾದರೂ ಖಾತೆಯಿಂದಲೇ ಅಲ್ಲಿಗೆ ಹಣ ಹಾಕಿದ್ದು ಗೊತ್ತಿದ್ದರೆ ಇಲ್ಲಿ ಬರೆಯಿರಿ, ಅಣ್ಣನಿಗೆ ತಿಳಿಸುತ್ತೇನೆ.