ಅಪ್‌ಡೇಟ್: ಪ್ಯಾನ್ ಶಾಟ್‌ನಲ್ಲಿ ಬರ್ತಿದ್ದ ಜರ್ಕ್ ಹೋಯ್ತು

ಮೈಸೂರಿನ ಮನೆಯ ಆಂಡ್ರಾಯ್ಡ್ ಬಾಕ್ಸ್‌ನಲ್ಲಿ ಕ್ಯಾಮೆರಾ ಅಡ್ಡ ತಿರುಗಿದಾಗಲೆಲ್ಲ ಸಿನಿಮಾ ಯಾಕೆ ಜರ್ಕ್ ಹೊಡೆಯುತ್ತೆ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ನೆಟ್ ಸ್ಪೀಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಸೆಕೆಂಡಿಗೆ 24 ಫ್ರೇಮಿನ ಸಿನಿಮಾ 60 ಹರ್ಟ್ಸ್ ರಿಫ್ರೆಶ್ ರೇಟ್‌ನಲ್ಲಿ (ಅಂದ್ರೆ ಟಿವಿ ಪರದೆ ಸೆಕೆಂಡಿಗೆ 60 ಸಲ ಚಿತ್ರ ಮೂಡಿಸುವಾಗ) ಓಡಿದರೆ ಒಂದು ಫ್ರೇಮ್ 3 ಸಲ, ಮುಂದಿನದು 2 ಸಲ ತೋರುತ್ತೆ; ಆ ಏರುಪೇರೇ ಜರ್ಕ್.

ನೀವು ಹೇಳಿದ ಹಾಗೆ ವಿಡಿಯೋ ನೋಡೋ ಆ್ಯಪ್ ಕೋಡಿಯ ಪ್ಲೇಯರ್ ಸೆಟ್ಟಿಂಗ್ಸ್‌ನಲ್ಲಿ, ವಿಡಿಯೋಸ್ ಒಳಗೆ, 'ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್' ಅನ್ನು 'ಆನ್ ಸ್ಟಾರ್ಟ್/ಸ್ಟಾಪ್'ಗೆ ಇಟ್ಟೆ. ಈಗ ಟಿವಿಯ ಇನ್ಫೋದಲ್ಲಿ ಸಿನಿಮಾಗೆ 24, 25 ಫ್ರೇಮಿನ ಸೀರಿಯಲ್‌ಗೆ 50 ಹರ್ಟ್ಸ್ ಬರ್ತಿದೆ. ನೋಡೋಕೆ ಎಷ್ಟು ನಯ!

ಶುರುವಿನಲ್ಲಿ ಪರದೆ ಒಂದೆರಡು ಸೆಕೆಂಡ್ ಕಪ್ಪಾಗುತ್ತೆ, ಬಾಕ್ಸ್‌ಗೂ ಟಿವಿಗೂ ನಡುವಿನ ಎಚ್‌ಡಿಎಂಐ ಸಂಪರ್ಕ ಹೊಸ ರೇಟ್‌ಗೆ ಮತ್ತೆ ಹೊಂದಿಕೊಳ್ಳೋದಕ್ಕೆ. ಮೊದಲ ಮಾತು ನುಂಗಿಹೋಗ್ತಿತ್ತು. ಕೋಡಿಯಲ್ಲೇ ಸಿಸ್ಟಮ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟದಲ್ಲಿ ರಿಫ್ರೆಶ್ ರೇಟ್ ಬದಲಾದ ಮೇಲಿನ ಡಿಲೇಯನ್ನು 3 ಸೆಕೆಂಡ್ ಮಾಡಿದ ಮೇಲೆ ಪೂರ್ತಿ ಕೇಳಿಸ್ತಿದೆ.