ಟೂ ವೀಲ್ ಡ್ರೈವ್ ಪಿಕಪ್ ಎತ್ತರಿಸಿದ ಮೇಲೆ ಮುಂದೆ ಬಡಿತ, ಹಿಂದೆ ನಡುಕ: ಕಮ್ಮಿ ಖರ್ಚಲ್ಲಿ ಸರಿ ಮಾಡೋದು ಹೇಗೆ?

ಕೆಎ12_ಪಿಕಪ್:
ಗಾಡಿ ಹಳೇ ಟಾಟಾ ಪಿಕಪ್, ಟೂ ವೀಲ್ ಡ್ರೈವ್. ಮುಂದೆ ಡಬಲ್ ವಿಶ್‌ಬೋನ್ (ಚಕ್ರ ಹಿಡಿಯೋ ಮೇಲೊಂದು, ಕೆಳಗೊಂದು ಆರ್ಮ್) ಜೊತೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡೋ ಉಕ್ಕಿನ ಸರಳು), ಹಿಂದೆ ಐದು ಪ್ಲೇಟಿನ ಮಾಮೂಲಿ ಸೆಟ್ (ಲೀಫ್ ಸ್ಪ್ರಿಂಗ್). ಟೈರ್ 215/75 ಆರ್16. ಓಡಾಟ ಮಾದಾಪುರ ಕಡೆಯ ತೋಟದ ರಸ್ತೆಗಳಲ್ಲಿ. ಕುಯ್ಲಿನ ಹೊತ್ತಲ್ಲಿ ಕಾಫಿ ಮೂಟೆ, ಉಳಿದಂತೆ ಗೊಬ್ಬರ, ಸುಣ್ಣ. ಚಕ್ರ ಓಡಿ ಓಡಿ ಎರಡೂ ಕಡೆ ಹೊಂಡ, ಮಧ್ಯ ದಿಬ್ಬ. ಆ ದಿಬ್ಬಕ್ಕೆ ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ಮಧ್ಯದ ಗೇರ್ ಗುಂಡು) ಉಜ್ಜುತ್ತೆ ಅಂತ ಎತ್ತರಿಸಿದ್ದು.

ಮುಂದೆ ಟಾರ್ಷನ್ ಬಾರ್ ಬೋಲ್ಟ್ ಬಿಗಿ ಮಾಡಿ 50 ಎಂಎಂ ಎತ್ತಿದ್ದಾರೆ. ಹಿಂದೆ ಆಕ್ಸಲ್‌ಗೂ ಪ್ಲೇಟ್ ಸೆಟ್‌ಗೂ ಮಧ್ಯ 50 ಎಂಎಂ ಕಬ್ಬಿಣದ ಬ್ಲಾಕ್, ಜೊತೆಗೆ 40 ಎಂಎಂ ಉದ್ದ ಜಾಸ್ತಿ ಇರೋ ಶ್ಯಾಕಲ್ (ಪ್ಲೇಟ್ ಸೆಟ್‌ನ ಹಿಂದಿನ ತುದಿಯನ್ನ ಚಾಸಿಗೆ ಸೇರಿಸೋ ಕೊಂಡಿ). ಸೆಟ್ಟನ್ನ ಆಕ್ಸಲ್‌ಗೆ ಬಿಗಿಯೋ ಯು ಬೋಲ್ಟ್ ಹೊಸದು.

ಈಗ ಸಣ್ಣ ಹಂಪ್ ಇಳಿದರೂ ಮುಂದೆ "ಟಕ್" ಅಂತ ಬಡಿತ. ಲೋಡ್ ಹಾಕಿ ಏರಿನಲ್ಲಿ ಫಸ್ಟ್ ಗೇರ್ ಎತ್ತಿದರೆ ಹಿಂದಿನಿಂದ ನಡುಕ. ಟಾರ್ ರಸ್ತೆಯಲ್ಲಿ 60 ದಾಟಿದರೆ ಬೇರೆ ಥರದ ಕಂಪನ. ಮುಂದಿನ ಟೈರಿನ ಮೇಲೆ ಕೈ ಆಡಿಸಿದರೆ ಒಂದು ಕಡೆಯಿಂದ ನುಣುಪು, ಇನ್ನೊಂದು ಕಡೆಯಿಂದ ಗರಗಸ. ಇಷ್ಟಾದರೂ ಡಿಫರೆನ್ಷಿಯಲ್ ಅದೇ ದಿಬ್ಬಕ್ಕೆ ಅದೇ ಥರ ಉಜ್ಜುತ್ತೆ. ಹೆಚ್ಚು ಖರ್ಚಿಲ್ಲದೆ ದಾರಿ ಇದ್ದರೆ ಹೇಳಿ.

ಮಳೆಗಾಲ:
ಡಿಫರೆನ್ಷಿಯಲ್ ಯಾಕೆ ಎತ್ತರ ಆಗಲಿಲ್ಲ ಅನ್ನೋದನ್ನ ಮೊದಲು ಇತ್ಯರ್ಥ ಮಾಡೋಣ. ಬ್ಲಾಕ್, ಪ್ಲೇಟ್, ಶ್ಯಾಕಲ್ ಏನೇ ಹಾಕಿದರೂ ಏಳೋದು ಚಾಸಿ, ಬಾಡಿ, ಸೈಲೆನ್ಸರ್, ಡೀಸೆಲ್ ಟ್ಯಾಂಕ್. ಆಕ್ಸಲ್ ಮಾತ್ರ ಚಕ್ರದ ಜೊತೆ ನೆಲಕ್ಕೆ ಅಂಟಿಕೊಂಡೇ ಇರುತ್ತೆ. ಅದನ್ನ ಎತ್ತೋಕೆ ಟೈರ್ ಒಂದೇ ದಾರಿ.

215/75 ಆರ್16 ಟೈರಿನ ವ್ಯಾಸ ಸುಮಾರು 729 ಎಂಎಂ. 235/75 ಆರ್16 ಹಾಕಿದರೆ 759. ವ್ಯಾಸದಲ್ಲಿ 30 ಜಾಸ್ತಿ ಅಂದರೆ ಡಿಫರೆನ್ಷಿಯಲ್ ಏಳೋದು 15 ಎಂಎಂ, ಅಷ್ಟೇ. ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾದ ವೇಗ 62 ದಾಟಿರುತ್ತೆ, ಏರಿನಲ್ಲಿ ಗೇರೂ ಸ್ವಲ್ಪ ಭಾರ ಅನ್ನಿಸುತ್ತೆ. ರಿಮ್ ಅಗಲ ಕನಿಷ್ಠ 6 ಇಂಚು ಇರಲಿ. ಲೋಡ್ ಗಾಡಿಗೆ ಕಾರಿನ ಟೈರ್ ಬೇಡ. ಪಕ್ಕದಲ್ಲಿ ಬರೆದಿರೋ ಲೋಡ್ ಇಂಡೆಕ್ಸ್ (ಎಷ್ಟು ಭಾರ ತಡೆಯುತ್ತೆ ಅನ್ನೋ ಅಂಕಿ) ಹಳೇ ಟೈರಿಗಿಂತ ಕಮ್ಮಿ ಇರಬಾರದು.

15 ಎಂಎಂಗೆ ಇಷ್ಟೆಲ್ಲಾ ಯಾಕೆ ಅನ್ನೋರಿಗೆ ಇನ್ನೊಂದು ದಾರಿ: ಇಬ್ಬರು ಆಳು, ಎರಡು ಗುದ್ದಲಿ. ಮಳೆ ಬಿಟ್ಟ ಮೇಲೆ ಮಧ್ಯದ ದಿಬ್ಬ ಕೆತ್ತಿ ಆ ಮಣ್ಣನ್ನ ಜಲ್ಲಿಯ ಜೊತೆ ಹೊಂಡಕ್ಕೆ ತುಂಬಿಸಿ. ಯಾವ ಲಿಫ್ಟ್ ಕಿಟ್ಟೂ ಕೊಡದಷ್ಟು ಎತ್ತರ ಅಲ್ಲೇ ಸಿಗುತ್ತೆ.

ಸ್ಪಾನರ್14:
ಮುಂದಿನ ಬಡಿತಕ್ಕೆ ಕಾರಣ ಮೇಲಿನ ಆರ್ಮ್ ರಿಬೌಂಡ್ ರಬ್ಬರಿಗೆ (ಚಕ್ರ ಕೆಳಗೆ ಜೋತಾಗ ಆರ್ಮನ್ನ ತಡೆಯೋ ರಬ್ಬರ್) ಹೊಡೆಯೋದು. ಟಾರ್ಷನ್ ಬಾರ್ ಬಿಗಿ ಮಾಡಿದರೆ ಬಾರ್ ಗಟ್ಟಿ ಆಗುತ್ತೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಆಗಲ್ಲ. ಬಾರಿನ ದಪ್ಪ, ಉದ್ದ ಅಷ್ಟೇ ಇರೋದರಿಂದ ಅದರ ಗಡಸುತನವೂ ಅಷ್ಟೇ. ಬದಲಾಗೋದು ಆರ್ಮ್ ನಿಲ್ಲೋ ಜಾಗ. ಗಾಡಿ ನಿಂತಾಗಲೇ ಆರ್ಮ್ ಪೂರ್ತಿ ಕೆಳಗೆ ಜೋತಿದ್ದರೆ, ಚಕ್ರ ಗುಂಡಿಗೆ ಇಳಿಯುವಾಗ ಇನ್ನೂ ಕೆಳಗೆ ಹೋಗೋಕೆ ಜಾಗ ಇರಲ್ಲ. ಆಗ ರಬ್ಬರಿಗೆ ಬಡಿಯುತ್ತೆ, ಇಲ್ಲಾ ಶಾಕ್ ಅಬ್ಸಾರ್ಬರ್ ಪೂರ್ತಿ ಎಳೆದು ನಿಲ್ಲುತ್ತೆ. ರಬ್ಬರ್ ಆದರೆ ಸದ್ದು ಮಂದ, ಶಾಕ್ ಆದರೆ ಕಬ್ಬಿಣದ ಸದ್ದು.

ಖಾತ್ರಿ ಮಾಡಿಕೊಳ್ಳೋಕೆ ರಿಬೌಂಡ್ ರಬ್ಬರಿನ ಮುಖಕ್ಕೆ ಗ್ರೀಸ್ ಬಳಿದು ಹಂಪ್ ಮೇಲೆ ಮೆಲ್ಲಗೆ ಓಡಿಸಿ ಬನ್ನಿ. ಎದುರಿನ ಕಬ್ಬಿಣದ ಮೇಲೆ ಗ್ರೀಸಿನ ಅಚ್ಚು ಬಿದ್ದಿದ್ದರೆ ಹೊಡೆತ ಅಲ್ಲೇ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಾಗ ಆರ್ಮ್‌ಗೂ ಆ ರಬ್ಬರಿಗೂ ಮಧ್ಯ ಎಷ್ಟು ಸಂದು ಇದೆ ಅಳೆದು ಹೇಳಿ. 25 ಎಂಎಂಗಿಂತ ಕಮ್ಮಿ ಇದ್ದರೆ ಗಾಡಿ ಇಳಿಸಲೇಬೇಕು.

ಫೋರ್ ವೀಲ್ ಡ್ರೈವ್‌ಗೆ ಇರೋ ಹಾಗೆ ಮುಂದಿನ ಡ್ರೈವ್ ಶಾಫ್ಟ್ ಜಾಯಿಂಟಿನ ಕಾಟ ನಿಮಗಿಲ್ಲ, ಅಷ್ಟು ನೆಮ್ಮದಿ. ನಿಮ್ಮ ಮಿತಿ ಬಾಲ್ ಜಾಯಿಂಟ್ (ಆರ್ಮ್ ತುದಿಯ ಗುಂಡು ಕೀಲು) ಮತ್ತು ಆ ರಬ್ಬರಿನ ಸಂದು. ಬಾಲ್ ಜಾಯಿಂಟಿನ ರಬ್ಬರ್ ಬೂಟ್ ಒಂದು ಕಡೆ ಎಳೆದು ಹರಿದಿದೆಯಾ ನೋಡಿ. ಹರಿದಿದ್ದರೆ ಕೆಸರು ಒಳಗೆ ಹೋಗಿ ಜಾಯಿಂಟ್ ಲೂಸಾಗೋಕೆ ಒಂದು ಮಳೆಗಾಲ ಸಾಕು.

ಟೈರಿನ ಗರಗಸ ಅಲೈನ್‌ಮೆಂಟ್‌ನದು. ಎತ್ತರ ಬದಲಾದಾಗ ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರೋದು) ಬದಲಾಗುತ್ತೆ, ಕ್ಯಾಂಬರೂ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರೋದು) ಜೊತೆಗೆ ಹೋಗುತ್ತೆ. ಆದರೆ ಈಗಲೇ ಅಲೈನ್‌ಮೆಂಟ್ ಮಾಡಿಸಬೇಡಿ. ಎತ್ತರ ಒಂದು ಕಡೆ ನಿಲ್ಲೋವರೆಗೂ ಅದು ದಂಡ.

ಘಾಟ್_ಇಳಿಜಾರು:
ಎಲ್ಲರೂ ಸದ್ದಿನ ಹಿಂದೆ ಬಿದ್ದಿದ್ದೀರಿ. ಬ್ರೇಕ್ ನೋಡಿದ್ರಾ? ಹಿಂದಿನ ಆಕ್ಸಲ್‌ನಿಂದ ಚಾಸಿ ಮೇಲಿರೋ ಒಂದು ವಾಲ್ವ್‌ಗೆ ಸಣ್ಣ ಕಡ್ಡಿಯೋ ಸ್ಪ್ರಿಂಗೋ ಹೋಗಿದೆಯಾ? ಇದ್ದರೆ ಅದು ಲೋಡ್ ಸೆನ್ಸಿಂಗ್ ವಾಲ್ವ್. ಆಕ್ಸಲ್‌ಗೂ ಚಾಸಿಗೂ ಇರೋ ದೂರ ನೋಡಿ ಲೋಡ್ ಎಷ್ಟಿದೆ ಅಂತ ತೀರ್ಮಾನಿಸಿ ಹಿಂದಿನ ಬ್ರೇಕಿಗೆ ಒತ್ತಡ ಬಿಡೋದು ಅದರ ಕೆಲಸ. ನೀವು ಹಿಂದೆ ಬ್ಲಾಕ್‌ನಿಂದ 50, ಶ್ಯಾಕಲ್‌ನಿಂದ ಅಂದಾಜು 20, ಒಟ್ಟು 70 ಎಂಎಂ ಎತ್ತಿದ್ದೀರಿ. ಈಗ ಪೂರ್ತಿ ಲೋಡ್ ಹಾಕಿದರೂ ವಾಲ್ವ್ ಪಾಲಿಗೆ ಗಾಡಿ ಖಾಲಿ. ಹಿಂದಿನ ಬ್ರೇಕ್ ಅರ್ಧಂಬರ್ಧ ಹಿಡಿಯುತ್ತೆ, ಮುಂದಿನದೇ ಎಲ್ಲಾ ಭಾರ ಹೊರುತ್ತೆ. ಮಡಿಕೇರಿಯಿಂದ ಸಂಪಾಜೆಗೆ ಲೋಡಲ್ಲಿ ಇಳಿಯೋವಾಗ ಮುಂದಿನ ಪ್ಯಾಡ್ ಸುಟ್ಟ ವಾಸನೆ ಬಂದು ಪೆಡಲ್ ಒತ್ತಿದರೂ ಗಾಡಿ ನಿಲ್ಲದ ಹಾಗೆ ಆಗೋದು ಹೀಗೇ.

ಸರಿಪಡಿಸೋದು ಸುಲಭ. ಕಡ್ಡಿ ಆಕ್ಸಲ್‌ಗೆ ಸೇರೋ ಬ್ರಾಕೆಟನ್ನ, ಗಾಡಿ ಎಷ್ಟು ಎದ್ದಿದೆಯೋ ಅಷ್ಟೇ ಮೇಲಕ್ಕೆ ಎತ್ತಿ ಕೂರಿಸಬೇಕು. ಕಡ್ಡಿ ಬಗ್ಗಿಸಿ ಅಂದಾಜಲ್ಲಿ ಬಿಡಬೇಡಿ. ಹಿಂದಿನ ಬ್ರೇಕ್ ಜಾಸ್ತಿ ಆದರೆ ಖಾಲಿ ಗಾಡಿಯಲ್ಲಿ, ಒದ್ದೆ ರಸ್ತೆಯಲ್ಲಿ ಹಿಂಭಾಗ ತಿರುಗಿಬಿಡುತ್ತೆ. ಆಮೇಲೆ ಬ್ರೇಕ್ ಟೆಸ್ಟರ್ ಇರೋ ಕಡೆ ಒಮ್ಮೆ ನೋಡಿಸಿ. ಚಾಸಿಗೆ ಜಾಕಿ ಕೊಟ್ಟು ಆಕ್ಸಲ್ ಪೂರ್ತಿ ಜೋತಾಡಿಸಿ ಹಿಂದಿನ ಬ್ರೇಕ್ ಹೋಸ್, ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಆಗ್ತಾ ಇದೆಯಾ ಅಂತಲೂ ನೋಡಿ. ಇದು ಆಗೋವರೆಗೆ ಲೋಡ್ ಹಾಕಬೇಡಿ.

ಕೆಎ12_ಪಿಕಪ್:
ವಾಲ್ವ್ ಇದೆ ಸರ್, ಕಡ್ಡಿ ಪೂರ್ತಿ ಕೆಳಗೆ ಎಳೆದುಕೊಂಡು ನಿಂತಿದೆ. ಲೋಡ್ ನಿಲ್ಲಿಸಿದ್ದೀನಿ.
ಮುಂದೆ ರಬ್ಬರಿನ ಸಂದು ಎಡಕ್ಕೆ 4 ಎಂಎಂ, ಬಲಕ್ಕೆ 6. ಗ್ರೀಸ್ ಅಚ್ಚು ಎರಡೂ ಕಡೆ ಬಿದ್ದಿದೆ. ಬೂಟ್ ಹರಿದಿಲ್ಲ.
ಮೊಬೈಲ್ ಆ್ಯಪ್ ಇಟ್ಟು, ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ಗೆ ಹೋಗೋ ಶಾಫ್ಟಿನ ಕೋನ ನೋಡಿದೆ. ಗೇರ್‌ಬಾಕ್ಸ್ ಫ್ಲ್ಯಾಂಜ್ (ಶಾಫ್ಟ್ ಸೇರೋ ಮುಖ) ಹಿಂದಕ್ಕೆ 3 ಡಿಗ್ರಿ ಇಳಿಜಾರು. ಡಿಫರೆನ್ಷಿಯಲ್ ಮೂತಿ 6 ಡಿಗ್ರಿ ಮೇಲಕ್ಕೆ.

ಪ್ಲೇಟ್‌ಸೆಟ್:
ಎರಡು ಬೇರೆ ಬೇರೆ ಕಾಯಿಲೆ ಇವು, ಬೆರೆಸಬೇಡಿ.

60 ದಾಟಿದಾಗಿನ ಕಂಪನ ಶಾಫ್ಟ್ ಕೋನದ್ದು. ಎರಡೂ ತುದಿಯ ಫ್ಲ್ಯಾಂಜ್ ಒಂದಕ್ಕೊಂದು ಸಮಾನಾಂತರ ಇದ್ದರೆ ಒಂದು ಕ್ರಾಸ್ ಜಾಯಿಂಟಿನ (ಶಾಫ್ಟ್ ತುದಿಯ ಕೀಲು) ಏರಿಳಿತವನ್ನ ಇನ್ನೊಂದು ಸರಿದೂಗಿಸುತ್ತೆ. ಅಲ್ಲಿ 3 ಇಳಿದರೆ ಇಲ್ಲಿ 3 ಏರಬೇಕು. ಪ್ಲೇಟ್ ಗಾಡಿಗೆ 1 ಡಿಗ್ರಿ ಕಮ್ಮಿ ಇಟ್ಟು 2ಕ್ಕೆ ಬಿಟ್ಟರೆ ಇನ್ನೂ ಒಳ್ಳೇದು, ಯಾಕೆಂದರೆ ಎಳೆಯುವಾಗ ಮೂತಿ ತಾನಾಗೇ ಸ್ವಲ್ಪ ಮೇಲಕ್ಕೆ ತಿರುಗುತ್ತೆ. ನಿಮ್ಮದು 6. ಚಪ್ಪಟೆ ಬ್ಲಾಕ್ ಮೂತಿಯ ಕೋನ ಬದಲಿಸಲ್ಲ, ಬದಲಿಸಿದ್ದು ಶ್ಯಾಕಲ್. ಪ್ಲೇಟಿನ ಹಿಂದಿನ ಕಣ್ಣು 40 ಎಂಎಂ ಕೆಳಗಿಳಿದಾಗ ಇಡೀ ಸೆಟ್ ವಾಲಿ ಆಕ್ಸಲನ್ನ ಹಿಂದಕ್ಕೆ ಹೊರಳಿಸಿದೆ. ಸಿಕ್ಕಿದ ಎತ್ತರ ಮಾತ್ರ ಅದರ ಅರ್ಧ. ಹಳೇ ಶ್ಯಾಕಲ್ ವಾಪಸ್ ಹಾಕಿ.

ಏರಿನಲ್ಲಿ ನಡುಕ ಬ್ಲಾಕಿನದು. ಲೋಡಲ್ಲಿ ಕ್ಲಚ್ ಬಿಟ್ಟ ಕೂಡಲೇ ಆಕ್ಸಲ್ ತಿರುಚಿಕೊಳ್ಳೋಕೆ ನೋಡುತ್ತೆ. ಬ್ಲಾಕ್ ಇದ್ದರೆ ಆ ತಿರುಚಿಗೆ 50 ಎಂಎಂ ಸನ್ನೆ ಸಿಕ್ಕ ಹಾಗೆ. ಪ್ಲೇಟ್ ಎಸ್ ಆಕಾರಕ್ಕೆ ಬಾಗುತ್ತೆ, ಟೈರ್ ಜಾರುತ್ತೆ, ಪ್ಲೇಟ್ ವಾಪಸ್ ಚಿಮ್ಮುತ್ತೆ, ಮತ್ತೆ ಬಾಗುತ್ತೆ. ಬ್ಲಾಕ್ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಅದು ಅಲುಗಾಡ್ತಾ ಇದೆ ಅಂತ ಅರ್ಥ. ಪ್ಲೇಟುಗಳನ್ನ ಒಟ್ಟಿಗೆ ಹಿಡಿಯೋ ಸೆಂಟರ್ ಬೋಲ್ಟ್ ತಲೆ ತೂತಲ್ಲಿ ಪೂರ್ತಿ ಕೂತಿಲ್ಲ, ಇಲ್ಲಾ ಯು ಬೋಲ್ಟ್ ಸಡಿಲ ಆಗಿದೆ.

ನನ್ನ ಸಲಹೆ: ಬ್ಲಾಕ್ ತೆಗೆದು ಒಂದು ಪ್ಲೇಟ್ ಸೇರಿಸಿ. ತುಂಡು ಪ್ಲೇಟ್ ಬೇಡ, ಮೇನ್ ಪ್ಲೇಟಿನ ಕೆಳಗೆ ಹೆಚ್ಚುಕಮ್ಮಿ ಅದರಷ್ಟೇ ಉದ್ದ ಇರೋದು. ದಪ್ಪ, ಅಗಲ ಸೆಟ್‌ನಲ್ಲಿರೋ ಪ್ಲೇಟಿನದೇ. 25ರಿಂದ 40 ಎಂಎಂ ಏಳುತ್ತೆ, ತಿರುಚೋದಕ್ಕೂ ತಡೆ ಸಿಗುತ್ತೆ. ಖಾಲಿ ಓಡಿಸುವಾಗ ಬೆನ್ನಿಗೆ ಗೊತ್ತಾಗುತ್ತೆ, ಅದಕ್ಕೆ ಮದ್ದಿಲ್ಲ. ಪ್ಲೇಟ್ ಸೇರಿಸಿದ ಮಾತ್ರಕ್ಕೆ ಆರ್‌ಸಿಯಲ್ಲಿರೋ ತೂಕಕ್ಕಿಂತ ಎರಡು ಮೂಟೆ ಜಾಸ್ತಿ ಹೇರಬಹುದು ಅಂತ ಲೆಕ್ಕ ಹಾಕಬೇಡಿ. ಆಕ್ಸಲ್, ಬೇರಿಂಗ್, ಬ್ರೇಕ್ ಹಳೆಯವೇ.

ಹಳೇ ಪ್ಲೇಟನ್ನೇ ಬಡಿದು ಕಮಾನು ಎತ್ತಿಸಿಕೊಳ್ಳಿ ಅಂತ ಹೇಳೋರು ಸಿಗ್ತಾರೆ. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಹದ ಕೊಡೋ ಕಡೆ ಆದರೆ ಸರಿ. ಬರೀ ಸುತ್ತಿಗೆಯಲ್ಲಿ ಬಡಿದಿದ್ದು ಕುಯ್ಲು ಮುಗಿಯೋದರೊಳಗೆ ಮತ್ತೆ ಕೂತಿರುತ್ತೆ.

ಕೂರಿಸುವಾಗ ಎರಡು ವಿಷಯ. ಯು ಬೋಲ್ಟ್ ಒಮ್ಮೆ ಬಿಗಿದು ಬಿಚ್ಚಿದ ಮೇಲೆ ಹಿಗ್ಗಿರುತ್ತೆ, ಮತ್ತೆ ಹಾಕೋ ಹಾಗಿಲ್ಲ. ಬ್ಲಾಕಿಗೆ ತಂದಿದ್ದು ಹೇಗೂ ಉದ್ದ ಜಾಸ್ತಿ. ಹೊಸದನ್ನ ಅಡ್ಡಡ್ಡ ಕ್ರಮದಲ್ಲಿ, ಹಂತ ಹಂತವಾಗಿ, ಮ್ಯಾನುಯಲ್‌ನಲ್ಲಿರೋ ಟಾರ್ಕಿಗೆ ಬಿಗಿ ಮಾಡಿ. 100 ಕಿಲೋಮೀಟರ್ ಆದ ಮೇಲೆ ಮತ್ತೆ, 500ಕ್ಕೆ ಇನ್ನೊಮ್ಮೆ. ಶ್ಯಾಕಲ್ ಮತ್ತು ಕಣ್ಣಿನ ಬೋಲ್ಟನ್ನ ಮಾತ್ರ ಗಾಡಿ ಜಾಕಿ ಮೇಲಿದ್ದಾಗ ಬಿಗಿ ಮಾಡಲೇಬೇಡಿ. ನೆಲಕ್ಕಿಳಿಸಿ, ಭಾರ ಕೂತ ಮೇಲೆ. ಇಲ್ಲದಿದ್ದರೆ ರಬ್ಬರ್ ಬುಷ್ ಸದಾ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತೆ.

ನಿಮ್ಮದು ಮಾಮೂಲಿ ಸೆಟ್ ಆಗಿರೋದರಿಂದ ಇದು ಹೇಳಿದ್ದು. ಪ್ಯಾರಬೋಲಿಕ್ ಪ್ಲೇಟ್ (ನಡುವೆ ದಪ್ಪ, ತುದಿಗೆ ತೆಳು ಆಗೋ ಪ್ಲೇಟ್) ಇರೋ ಗಾಡಿಯವರು ಮಧ್ಯ ಪ್ಲೇಟ್ ತುರುಕಬೇಡಿ. ಅವು ನಡು, ತುದಿ ಬಿಟ್ಟರೆ ಒಂದಕ್ಕೊಂದು ತಾಗದ ಹಾಗೆ ಮಾಡಿರೋದು.

ಗುಡ್ಡದಾರಿ:
ಬ್ಲಾಕ್ ಬಿಸಾಡೋ ಬದಲು ಮುಂದೆಯೂ ಪ್ಲೇಟ್ ಇರೋ ಗಾಡಿಗೆ ಮುಂದಕ್ಕೆ ಹಾಕಬಹುದಾ?

ಪ್ಲೇಟ್‌ಸೆಟ್:
ಬೇಡವೇ ಬೇಡ. ಬ್ರೇಕ್ ಹಿಡಿದಾಗ ಅತಿ ಹೆಚ್ಚು ತಿರುಚು ಬೀಳೋದು ಮುಂದಿನ ಆಕ್ಸಲ್ ಮೇಲೆ, ಅದೇ ಸ್ಟೀರಿಂಗೂ ಹೌದು. ಅಲ್ಲಿ ಬ್ಲಾಕ್ ಜಾರಿದರೆ ಗಾಡಿ ನಿಮ್ಮ ಕೈಯಲ್ಲಿರಲ್ಲ. ಹಿಂದೆಯೂ ಒಂದರ ಮೇಲೊಂದು ಬ್ಲಾಕ್ ಇಡಬಾರದು. ಮರದ ತುಂಡಂತೂ ಕೇಳಲೇಬೇಡಿ.

ಸ್ಪಾನರ್14:
4 ಮತ್ತು 6 ಎಂಎಂ ಅಂದರೆ ಗಾಡಿ ರಬ್ಬರಿನ ಮೇಲೇ ನಿಂತಿದೆ. ಮುಂದಿನ ಲಿಫ್ಟನ್ನ ಸುಮಾರು 30 ಎಂಎಂಗೆ ಇಳಿಸಿ, ಆದರೆ ಕೊನೆಯ ಮಾತು ಸಂದಿನದು.

ಗೇರ್ ಹಾಕಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಚಾಸಿಗೆ ಜಾಕಿ ಕೊಟ್ಟು ಮುಂದಿನ ಎರಡೂ ಚಕ್ರ ಜೋತಾಡೋ ಹಾಗೆ ಎತ್ತಿ ಸ್ಟ್ಯಾಂಡ್ ಇಡಿ, ಬರೀ ಜಾಕಿ ನಂಬಬೇಡಿ. ಟಾರ್ಷನ್ ಬಾರಿನ ಅಡ್ಜಸ್ಟ್ ಬೋಲ್ಟಿನ ಕೆಸರು ಬ್ರಷ್‌ನಲ್ಲಿ ತೆಗೆದು ತುಕ್ಕು ಬಿಡಿಸೋ ಎಣ್ಣೆ ಹೊಡೆದು ರಾತ್ರಿ ಬಿಡಿ. ಈಗ ಬೋಲ್ಟಿನ ಮರೆ (ಥ್ರೆಡ್) ಎಷ್ಟು ಹೊರಗಿದೆ ಅಂತ ಅಳೆದು ಬರೆದಿಟ್ಟುಕೊಂಡು, ಎರಡೂ ಕಡೆ ಎರಡೆರಡು ಸುತ್ತು ಸಡಿಲಿಸಿ. ಇಳಿಸಿದ ತಕ್ಷಣ ಅಳೆದರೆ ತಪ್ಪು ಲೆಕ್ಕ ಬರುತ್ತೆ, ಟೈರ್ ನೆಲಕ್ಕೆ ಕಚ್ಚಿಕೊಂಡು ಗಾಡಿ ಎತ್ತರಕ್ಕೇ ನಿಂತಿರುತ್ತೆ. ಹತ್ತು ಮೀಟರ್ ಹಿಂದೆ ಮುಂದೆ ಓಡಿಸಿ, ಬಂಪರ್ ಒತ್ತಿ ಕುಲುಕಿ, ಆಮೇಲೆ ಹಬ್ ಮಧ್ಯದಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿಯಿರಿ. ಎಡಬಲ ವ್ಯತ್ಯಾಸ 5 ಎಂಎಂ ಒಳಗಿರಲಿ. ಅದನ್ನ ಮಾಡೋಕೆ ಎರಡೂ ಬೋಲ್ಟ್ ಒಂದೇ ಸುತ್ತು ತಿರುಗಬೇಕು ಅಂತೇನಿಲ್ಲ.

ಬೋಲ್ಟ್ ಸಾಲದೆ, ಬಾರಿನ ತುದಿ ಹಿಡಿಯೋ ಆಂಕರ್ ಆರ್ಮ್ ಬಿಚ್ಚಿ ಬೇರೆ ಹಲ್ಲಿಗೆ ಕೂರಿಸೋ ಕೆಲಸಕ್ಕೆ ಮನೆಯಲ್ಲಿ ಕೈ ಹಾಕಬೇಡಿ. ಬಾರಿನಲ್ಲಿ ತಿರುಚು ಉಳಿದಿದ್ದರೆ ಆ ಆರ್ಮ್ ಚಿಮ್ಮಿ ಕೈ ಮುರಿಯುತ್ತೆ.

ಮಳೆಗಾಲ:
ಇನ್ನೊಂದು ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ಟೂ ವೀಲ್ ಡ್ರೈವ್ ಸಿಕ್ಕಿ ಬೀಳೋದು ಎತ್ತರ ಸಾಲದೆ ಅಲ್ಲ, ಹಿಂದೆ ಭಾರ ಇಲ್ಲದೆ. ಖಾಲಿ ಹೋಗುವಾಗ ಹಿಂದಿನ ಆಕ್ಸಲ್ ನೇರಕ್ಕೆ ಮೂರು ಮರಳು ಮೂಟೆ ಕಟ್ಟಿಡಿ, ಜಾರದ ಹಾಗೆ. ಕೆಸರಲ್ಲಿ ಖಾಲಿ ಗಾಡಿಯ ಹಿಂದಿನ ಟೈರ್ 25ರಿಂದ 28 ಪಿಎಸ್‌ಐಗೆ ಇಳಿಸಿ, ಲೋಡ್ ಹಾಕೋ ಮೊದಲು ಮತ್ತೆ ತುಂಬಿಸಿ. ತೀರಾ ಕೆಟ್ಟ ಏರಿಗೆ ಜೀಪಿನವರ ಹಾಗೆ ಹಿಂದಿನ ಚಕ್ರಕ್ಕೆ ಚೈನ್. ಟಾರ್ ರಸ್ತೆಗೆ ಬಂದ ಕೂಡಲೇ ಬಿಚ್ಚಿ.

ಘಾಟ್_ಇಳಿಜಾರು:
ಕಾಗದದ ವಿಷಯವೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಆರ್‌ಸಿಯ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಇದೆ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. 8 ವರ್ಷ ದಾಟಿದ ಗೂಡ್ಸ್ ಗಾಡಿಗೆ ವರ್ಷಾವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್). ಬ್ಲಾಕ್, ದೊಡ್ಡ ಟೈರ್ ಅಲ್ಲಿ ಕಣ್ಣಿಗೆ ಹೊಡೆಯುತ್ತೆ. ಕೆಲಸ ಶುರು ಮಾಡೋ ಮೊದಲೇ ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸ್‌ನವರ ಹತ್ತಿರವೂ ಕೇಳಿ ಬರಹದಲ್ಲಿ ಇಟ್ಟುಕೊಳ್ಳಿ.

ಕೆಎ12_ಪಿಕಪ್:
ಬ್ಲಾಕ್, ಉದ್ದ ಶ್ಯಾಕಲ್ ತೆಗೆಸಿ ಪ್ಲೇಟ್ ಸೇರಿಸಿದೆ. ಹಿಂದೆ ಒಟ್ಟು 35 ಎಂಎಂ ಉಳಿದಿದೆ. ವಾಲ್ವ್ ಬ್ರಾಕೆಟನ್ನೂ ಅಷ್ಟೇ ಎತ್ತಿಸಿದೆ, ಟೆಸ್ಟರ್‌ನಲ್ಲಿ ಹಿಂದಿನ ಬ್ರೇಕ್ ಸರಿ ತೋರಿಸ್ತಾ ಇದೆ. ಮುಂದೆ ಸಂದು 27, 28. ಬಡಿತ ಇಲ್ಲ, ಏರಿನ ನಡುಕವೂ ಇಲ್ಲ. ಮೂತಿ 4 ಡಿಗ್ರಿಗೆ ಬಂತು, 60ರ ಮೇಲೆ ಸಣ್ಣ ಕಂಪನ ಉಳಿದಿದೆ. 2 ಡಿಗ್ರಿ ಶಿಮ್ (ಕೋನ ಬದಲಿಸೋ ಬೆಣೆ ಆಕಾರದ ತುಂಡು) ಹಾಕಿಸೋದಾದರೆ ದಪ್ಪ ಭಾಗ ಯಾವ ಕಡೆ?

ಪ್ಲೇಟ್‌ಸೆಟ್:
ಪ್ಲೇಟ್ ಸೆಟ್ ಆಕ್ಸಲ್ ಮೇಲೆ ಕೂತಿರೋ ಗಾಡಿ ಆದರೆ ದಪ್ಪ ಭಾಗ ಮುಂದಕ್ಕೆ, ಗಾಡಿಯ ಮೂತಿ ಕಡೆಗೆ. ಆಗ ಡಿಫರೆನ್ಷಿಯಲ್ ಮೂತಿ ಕೆಳಗೆ ಬಾಗಿ 2ಕ್ಕೆ ಬರುತ್ತೆ. ಸೆಟ್ ಆಕ್ಸಲ್ ಕೆಳಗೆ ನೇತಾಡಿದರೆ ಉಲ್ಟಾ. ಶಿಮ್ ಉಕ್ಕಿನದೇ ಇರಲಿ, ಅಲ್ಯೂಮಿನಿಯಂ ಶಿಮ್ ಲೋಡಲ್ಲಿ ನುಗ್ಗಾಗಿ ಯು ಬೋಲ್ಟ್ ಸಡಿಲ ಮಾಡುತ್ತೆ. ಸೆಂಟರ್ ಬೋಲ್ಟ್ ತಲೆ ಶಿಮ್ ದಾಟಿ ಆಕ್ಸಲ್ ತೂತಿಗೆ ಪೂರ್ತಿ ಇಳಿಯುತ್ತಾ ನೋಡಿ, ಇಲ್ಲದಿದ್ದರೆ ಉದ್ದದ್ದು ಹಾಕಿಸಿ. ಯು ಬೋಲ್ಟ್ ಬಿಚ್ಚಿದ ಮೇಲೆ ಅದೇ ನಿಯಮ, ಹೊಸ ಸೆಟ್. ಅಲೈನ್‌ಮೆಂಟ್ ಇದೆಲ್ಲಾ ಮುಗಿದ ಮೇಲೆ, ಮಾಮೂಲಿ ಓಡಿಸೋ ಲೋಡಿನ ಅರ್ಧದಷ್ಟು ಹಾಕಿಕೊಂಡು ಹೋಗಿ ಮಾಡಿಸಿ.